ಬೋರ್ಡು ಒಂದು ಹೇಳುತ್ತದೆ, ರಸ್ತೆ ಇನ್ನೊಂದು ಹೇಳುತ್ತದೆ

(ಲಾರಿ ಮತ್ತು ಬಸ್ ಚಾಲಕರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹೆದ್ದಾರಿ ಬದಿಯ ಊರುಗಳವರು ಸೇರಿದ್ದ ದಾವಣಗೆರೆಯ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ರಸ್ತೆ ಅಪಘಾತದ ಯಾವುದೇ ಎಫ್‌ಐಆರ್ ತೆಗೆದು ನೋಡಿ, ಒಂದು ಸಾಲು ಇದ್ದೇ ಇರುತ್ತದೆ: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’. ಹಿಂದೆ ಭಾರತೀಯ ದಂಡ ಸಂಹಿತೆಯ 279ನೇ ಕಲಂ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಬಂತು. ಕಲಂ ಬದಲಾಯಿತು, ಸಾಲು ಬದಲಾಗಲಿಲ್ಲ. ಇಂಥ ಸಾಲುಗಳೇ ಕೂಡಿ ದೇಶದ ಲೆಕ್ಕವಾಗುತ್ತವೆ. 2022ರಲ್ಲಿ ಭಾರತದಲ್ಲಿ 4,61,312 ರಸ್ತೆ ಅಪಘಾತಗಳಾದವು, 1,68,491 ಜನ ಸತ್ತರು. ಸತ್ತವರಲ್ಲಿ ಶೇ 71ರಷ್ಟು ಮಂದಿಯನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ‘ಅತಿವೇಗ’ದ ಖಾನೆಗೆ ಹಾಕಿದೆ.

ಆ ಖಾನೆಯನ್ನು ಅಳತೆ ಎಂದು ತಿಳಿಯಬೇಡಿ. ಡಿಕ್ಕಿಯಾದ ಗಳಿಗೆಯಲ್ಲಿ ವಾಹನ ಎಷ್ಟು ವೇಗದಲ್ಲಿತ್ತು ಎಂದು ಅಲ್ಲೇ ನಿಂತು ಅಳೆದವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ದಾಖಲೆಗೆ ಒಂದು ಕಾರಣ ಬೇಕು, ಈ ಕಾರಣ ಎಲ್ಲದಕ್ಕೂ ಹೊಂದುತ್ತದೆ. ಹಾಗೆಂದು ವೇಗ ಕೊಲ್ಲುವುದಿಲ್ಲ ಎಂದಲ್ಲ. ಕೊಲ್ಲುತ್ತದೆ, ಅದರ ಲೆಕ್ಕ ಮುಂದೆ ಬರುತ್ತದೆ. ನಮ್ಮ ತಕರಾರು ಬೇರೆ. ‘ಅಜಾಗರೂಕತೆ’ ಎಂದು ಬರೆದ ಕೂಡಲೇ ವಿಚಾರಣೆ ಅಲ್ಲಿಗೆ ಮುಗಿದುಹೋಗುತ್ತದೆ. ಗಂಟೆಗೆ 40 ಕಿ.ಮೀ. ಎಂಬ ಬೋರ್ಡು ಇತ್ತು, ಹಗಲು ಹೊತ್ತು, ಚಾಲಕನಿಗೆ ಹದಿನೈದು ವರ್ಷದ ಅನುಭವ. ಆದರೂ ಅವನು 85ರಲ್ಲಿ ಏಕೆ ಬಂದ ಎಂದು ಯಾರೂ ಕೇಳುವುದಿಲ್ಲ. ಇವತ್ತು ಕೇಳಬೇಕಾದದ್ದು ಅದನ್ನೇ.

ಅದೇ ವರದಿಯ ಇನ್ನೊಂದು ಅಂಕಿ ದಾರಿ ತೋರಿಸುತ್ತದೆ. ಆ ವರ್ಷದ ಅಪಘಾತಗಳಲ್ಲಿ ಶೇ 67 ನಡೆದದ್ದು ನೇರ ರಸ್ತೆಯಲ್ಲಿ. ನೇರ ರಸ್ತೆಯೇ ಹೆಚ್ಚು ಉದ್ದ ಇರುವುದರಿಂದ ಅಲ್ಲಿ ಅಪಘಾತವೂ ಹೆಚ್ಚು, ಅದು ಸರಿ. ಆದರೆ ‘ಅಪಾಯಕಾರಿ ತಿರುವು’ ಎಂಬ ಬೋರ್ಡು ನೋಡಿ ಬೆಳೆದ ನಮಗೆ ಅಪಾಯ ಎಂದರೆ ತಿರುವು, ಘಾಟಿ, ಸೇತುವೆ. ಏನೂ ಇಲ್ಲದ, ಕಣ್ಣು ಹಾಯುವಷ್ಟು ದೂರ ಕಾಣುವ ರಸ್ತೆಯಲ್ಲಿ ಕಾಲು ತಾನಾಗಿಯೇ ಆಕ್ಸಿಲರೇಟರ್ ಒತ್ತುತ್ತದೆ.

ರಸ್ತೆಯ ಮಾತು

ಚಿತ್ರದುರ್ಗದಿಂದ ದಾವಣಗೆರೆಗೆ ಬರುವ ರಾಷ್ಟ್ರೀಯ ಹೆದ್ದಾರಿ 48ನ್ನೇ ತೆಗೆದುಕೊಳ್ಳಿ. ಹಳಬರಿಗೆ ಇದು ಎನ್‌ಎಚ್ 4, ಅದಕ್ಕೂ ಹಳಬರಿಗೆ ಪೂನಾ–ಬೆಂಗಳೂರು ರಸ್ತೆ. ಎರಡು ಪಥ ಇದ್ದದ್ದು ನಾಲ್ಕಾಯಿತು, ನಾಲ್ಕು ಆರಾಯಿತು. ಒಂದೊಂದು ಪಥವೂ ಮೂರೂವರೆ ಮೀಟರ್ ಅಗಲ, ಮಧ್ಯೆ ಡಿವೈಡರ್, ಬದಿಯಲ್ಲಿ ಮರವಿಲ್ಲ, ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಇಂಥ ರಸ್ತೆ ಬಾಯಿ ಬಿಟ್ಟು ಹೇಳದಿದ್ದರೂ ‘ಹೋಗು, 110ರಲ್ಲಿ ಹೋಗು’ ಎನ್ನುತ್ತಿರುತ್ತದೆ. ಭರಮಸಾಗರದಂಥ, ಆನಗೋಡಿನಂಥ ಊರು ಬರುವಲ್ಲಿ ಕಂಬಕ್ಕೆ ಒಂದು ವೃತ್ತ ಸಿಕ್ಕಿಸಿ ‘40’ ಎಂದು ಬರೆದರೆ ರಸ್ತೆಯ ಅಗಲ ಕಿರಿದಾಗುವುದಿಲ್ಲ, ನೇರ ಬಾಗುವುದಿಲ್ಲ. ಬೋರ್ಡು ಒಂದು ಹೇಳುತ್ತದೆ, ರಸ್ತೆ ಇನ್ನೊಂದು ಹೇಳುತ್ತದೆ. ಚಾಲಕ ಯಾವುದನ್ನು ಕೇಳುತ್ತಾನೆ? ಬೋರ್ಡು ಕಾಣುವುದು ಎರಡು ಸೆಕೆಂಡು, ರಸ್ತೆ ಕಾಣುವುದು ಪ್ರಯಾಣದ ಉದ್ದಕ್ಕೂ.

ನಮ್ಮ ಕಣ್ಣು ವೇಗವನ್ನು ಮೀಟರಿನಂತೆ ಅಳೆಯುವುದಿಲ್ಲ ಎಂಬುದೂ ಇಲ್ಲಿ ಸೇರಿಕೊಳ್ಳುತ್ತದೆ. ಬದಿಯ ವಸ್ತುಗಳು ಕಣ್ಣಂಚಿನಲ್ಲಿ ಎಷ್ಟು ಬೇಗ ಹಿಂದಕ್ಕೆ ಸರಿಯುತ್ತವೆ ಎಂಬುದರ ಮೇಲೆ ಮನಸ್ಸು ವೇಗವನ್ನು ಅಂದಾಜು ಮಾಡುತ್ತದೆ. ಹುಣಸೆ ಮರಗಳು ಡಾಂಬರಿಗೆ ಅಂಟಿಕೊಂಡಿದ್ದ ಹಳೆ ರಸ್ತೆಯಲ್ಲಿ 60 ಎಂದರೆ ಓಟ. ಹತ್ತಿರದ ಮರವೇ ಇಪ್ಪತ್ತು ಮೀಟರ್ ಆಚೆ ಇರುವ ಹೆದ್ದಾರಿಯಲ್ಲಿ 60 ಎಂದರೆ ನಿಂತ ಹಾಗೆ. ಲಾರಿಯ ಕ್ಯಾಬಿನ್‌ನಲ್ಲಿ, ಎತ್ತರದ ಎಸ್‌ಯುವಿಯಲ್ಲಿ ಕೂತವರಿಗೆ ನೆಲ ಇನ್ನೂ ದೂರ, ವೇಗ ಇನ್ನೂ ಕಡಿಮೆ ಅನಿಸುತ್ತದೆ. ಗಾಜು ಏರಿಸಿ ಎಸಿ ಹಾಕಿದರೆ ಗಾಳಿಯ ಸದ್ದೂ ಹೋಯಿತು. ರಾತ್ರಿ ಬದಿಯ ವಸ್ತುಗಳೇ ಕಾಣುವುದಿಲ್ಲ.

ಇದಕ್ಕಿಂತ ಮೋಸದ್ದು ಒಗ್ಗಿಕೆ. ಅರ್ಧ ಗಂಟೆ 100ರಲ್ಲಿ ಓಡಿಸಿದ ಮೇಲೆ 60ಕ್ಕೆ ಇಳಿದರೆ ನಡೆದು ಹೋಗುತ್ತಿದ್ದೇವೆ ಅನಿಸುತ್ತದೆ. ಹೆದ್ದಾರಿ ಬಿಟ್ಟು ದಾವಣಗೆರೆಯ ಊರೊಳಗಿನ ಪಿ.ಬಿ. (ಪೂನಾ–ಬೆಂಗಳೂರು) ರಸ್ತೆಗೆ ಇಳಿಯುವ ಮೊದಲ ಒಂದೆರಡು ಕಿಲೋಮೀಟರ್ ಚಾಲಕ ‘ನಾನು ನಿಧಾನ ಮಾಡಿದ್ದೇನೆ’ ಎಂದೇ ನಂಬಿರುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಅವನ ಕಣ್ಣು ಹೇಳುತ್ತಿದೆ. ಅದಕ್ಕೇ ಹೆದ್ದಾರಿಯಿಂದ ಇಳಿದ ಕೂಡಲೇ ಒಮ್ಮೆ ಸ್ಪೀಡೋಮೀಟರ್ ನೋಡುವುದು ಚಾಲಕರು ಮಾಡಿಕೊಳ್ಳಬೇಕಾದ ಮೊದಲ ಅಭ್ಯಾಸ. ಆ ಒಂದೆರಡು ಕಿಲೋಮೀಟರ್ ನಮ್ಮ ಅಂದಾಜನ್ನು ನಂಬುವಂತಿಲ್ಲ.

ಬೋರ್ಡಿನ ಮಾತು

ಬೋರ್ಡನ್ನು ಚಾಲಕರು ನೋಡುತ್ತಾರೆಯೇ? 1960ರ ದಶಕದಲ್ಲಿ ಸ್ವೀಡನ್ನಿನ ಯೋಹಾನ್ಸನ್ ಮತ್ತು ರೂಮರ್ ಒಂದು ಸರಳ ಪ್ರಯೋಗ ಮಾಡಿದರು. ಬೋರ್ಡು ದಾಟಿ ಸ್ವಲ್ಪ ಮುಂದೆ ವಾಹನಗಳನ್ನು ನಿಲ್ಲಿಸಿ ‘ಈಗ ದಾಟಿದ ಬೋರ್ಡು ಯಾವುದು’ ಎಂದು ಕೇಳಿದರು. ವೇಗಮಿತಿಯ ಬೋರ್ಡನ್ನು ನಾಲ್ವರಲ್ಲಿ ಮೂವರು ಹೇಳಿದರು. ‘ಅಪಾಯವಿದೆ’ ಎಂಬ ಸಾಮಾನ್ಯ ಎಚ್ಚರಿಕೆಯನ್ನೂ ಪಾದಚಾರಿ ದಾಟುವ ಜಾಗದ ಬೋರ್ಡನ್ನೂ ಹೇಳಿದವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ಕಣ್ಣು ಎಲ್ಲರದೂ ಒಂದೇ. ತನಗೆ ದಂಡ ಬೀಳಬಹುದಾದದ್ದನ್ನು, ಈಗಲೇ ಏನಾದರೂ ಮಾಡಬೇಕಾದದ್ದನ್ನು ಮನಸ್ಸು ಉಳಿಸಿಕೊಂಡಿತು, ಉಳಿದದ್ದನ್ನು ಬಿಟ್ಟುಬಿಟ್ಟಿತು.

ನಮ್ಮ ಬೋರ್ಡುಗಳನ್ನು ಈ ಕಣ್ಣಿನಿಂದ ನೋಡಿ. ‘ಅವಸರವೇ ಅಪಘಾತಕ್ಕೆ ಕಾರಣ’. ಒಳ್ಳೆಯ ಮಾತು, ಆದರೆ ಅದನ್ನು ಓದಿದ ಚಾಲಕ ಏನು ಮಾಡಬೇಕು? ‘ಅಪಘಾತ ವಲಯ, ನಿಧಾನವಾಗಿ ಚಲಿಸಿ’. ಎಷ್ಟು ನಿಧಾನ, ಎಲ್ಲಿಯವರೆಗೆ, ಯಾವುದಕ್ಕಾಗಿ? ಅದರ ಬದಲು ‘ಮುಂದಿನ 600 ಮೀ. ಎಡದಿಂದ ಟ್ರ್ಯಾಕ್ಟರ್ ಬರುತ್ತವೆ, 50’ ಎಂದರೆ ಚಾಲಕನ ಕಣ್ಣು ಎಡಕ್ಕೆ ಹೋಗುತ್ತದೆ. ಒಳ್ಳೆಯ ಎಚ್ಚರಿಕೆ ಎಂದರೆ ಕಣ್ಣಿಗೂ ಕಾಲಿಗೂ ಕೆಲಸ ಕೊಡುವುದು.

ಅಕ್ಷರದ ಗಾತ್ರವನ್ನೂ ಲೆಕ್ಕ ಹಾಕಬೇಕು. ಒಂದು ಸೆಂಟಿಮೀಟರ್ ಎತ್ತರದ ಅಕ್ಷರ ಸುಮಾರು ಐದಾರು ಮೀಟರಿನಿಂದ ಓದಲು ಬರುತ್ತದೆ ಎಂಬುದು ಫಲಕ ಮಾಡುವವರ ಹಳೆಯ ಲೆಕ್ಕ. ಹತ್ತು ಸೆಂಟಿಮೀಟರ್ ಅಕ್ಷರ ಎಂದರೆ 50ರಿಂದ 60 ಮೀಟರ್. 80ರ ವೇಗದಲ್ಲಿ ವಾಹನ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ, ಓದಲು ಸಿಗುವುದು ಎರಡೂವರೆ ಸೆಕೆಂಡು. ಅಷ್ಟರಲ್ಲಿ ಒತ್ತಕ್ಷರ ತುಂಬಿದ ಮೂರು ಸಾಲು, ಕೆಳಗೆ ಅದೇ ಮೂರು ಸಾಲು ಇಂಗ್ಲಿಷಿನಲ್ಲಿ, ಅದರ ಕೆಳಗೆ ಪ್ರಾಯೋಜಕರ ಹೆಸರು. ಓದಲಾಗದ ಬೋರ್ಡನ್ನು ಪಾಲಿಸಲಿಲ್ಲ ಎಂದು ಚಾಲಕನನ್ನು ಬೈಯುವುದು ನ್ಯಾಯವಲ್ಲ.

ದೂರದ ಲೆಕ್ಕವೂ ಹೀಗೆಯೇ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಹಂಪುಗಳಿಗಾಗಿ 1988ರಲ್ಲಿ ಮಾಡಿದ ಸಂಹಿತೆಯಲ್ಲಿ ಹಂಪಿಗೆ 40 ಮೀಟರ್ ಮುಂಚೆ ಎಚ್ಚರಿಕೆ ಫಲಕ ಇರಬೇಕು ಎಂದಿದೆ. ಊರೊಳಗೆ 40ರಲ್ಲಿ ಬರುವವನಿಗೆ ಅದು ಸಾಕು, ಮೂರೂವರೆ ಸೆಕೆಂಡು ಸಿಗುತ್ತದೆ. 80ರಲ್ಲಿ ಬರುವವನಿಗೆ ಸಿಗುವುದು 1.8 ಸೆಕೆಂಡು. ಚಾಲಕ ಕಂಡು, ಅರ್ಥ ಮಾಡಿಕೊಂಡು, ಬ್ರೇಕ್ ಮೇಲೆ ಕಾಲಿಡಲು ಅದೇ ರಸ್ತೆ ಕಾಂಗ್ರೆಸ್ ಕೊಡುವ ಸಮಯ 2.5 ಸೆಕೆಂಡು. ಅಂದರೆ ಯಾರಿಗೆ ಎಚ್ಚರಿಕೆ ಬೇಕೋ ಅವನಿಗೆ ಅದು ತಲುಪುವ ಹೊತ್ತಿಗೆ ಹಂಪು ಚಕ್ರದ ಕೆಳಗೆ ಬಂದಿರುತ್ತದೆ. ರಾಜ್ಯ ಹೆದ್ದಾರಿಯಲ್ಲಿ ಹಂಪು ಹಾಕಿದವರು 40 ಮೀಟರಿನ ಒಂದೇ ಬೋರ್ಡಿಗೆ ತೃಪ್ತರಾಗಬಾರದು, 150 ಮೀಟರಿನಲ್ಲಿ ಇನ್ನೊಂದು ಬೇಕು.

ಇಷ್ಟೆಲ್ಲ ಸರಿಯಾಗಿದ್ದರೂ ಬೋರ್ಡಿನ ಜೀವ ಇರುವುದು ಅದರ ಸತ್ಯದಲ್ಲಿ. ಒಂದು ಮೋರಿ ಕೆಲಸಕ್ಕೆ ‘ಕಾಮಗಾರಿ ಪ್ರಗತಿಯಲ್ಲಿದೆ, 30’ ಎಂದು ತಗಡು ನೆಟ್ಟರು. ಕೆಲಸ ಮುಗಿಯಿತು, ಗುತ್ತಿಗೆದಾರ ಜೆಸಿಬಿ ತೆಗೆದುಕೊಂಡು ಹೋದ, ತಗಡು ಅಲ್ಲೇ ಉಳಿಯಿತು. ದಿನಾ ಓಡಾಡುವ ಬಸ್ ಚಾಲಕ ಮೊದಲ ವಾರ 30ಕ್ಕೆ ಇಳಿಸಿದ, ಏನೂ ಕಾಣಲಿಲ್ಲ. ಎರಡನೇ ವಾರ 50. ಮೂರನೇ ವಾರ ಆ ತಗಡು ಅವನ ಕಣ್ಣಿಗೆ ಬೇಲಿಗೂಟದ ಹಾಗೆ. ಹತ್ತು ಕಿಲೋಮೀಟರ್ ಮುಂದೆ ಅದೇ ಬಣ್ಣದ, ಅದೇ ಬರಹದ ತಗಡು ನಿಜವಾಗಿಯೂ ಅಗೆದ ರಸ್ತೆಯ ಮುಂದೆ ಇದೆ. ‘ತೋಳ ಬಂತು ತೋಳ’ ಕಥೆಯಲ್ಲಿ ಕುರಿ ಹೋದದ್ದು ಸುಳ್ಳು ಹೇಳಿದ ಹುಡುಗನದು. ಇಲ್ಲಿ ಜೀವ ಹೋಗುವುದು ಸುಳ್ಳು ಹೇಳದವರದು.

ಕಾರಿನೊಳಗಿನ ಎಚ್ಚರಿಕೆಗೂ ಇದೇ ಗತಿ. 2019ರ ಜುಲೈ 1ರಿಂದ ಹೊಸ ಕಾರುಗಳು 80 ದಾಟಿದರೆ ಬಿಟ್ಟು ಬಿಟ್ಟು, 120 ದಾಟಿದರೆ ಒಂದೇ ಸಮನೆ ಕೂಗುತ್ತವೆ. ಉದ್ದೇಶ ಒಳ್ಳೆಯದು. ಆದರೆ ಆ ಯಂತ್ರಕ್ಕೆ ರಸ್ತೆ ಯಾವುದೆಂದು ಗೊತ್ತಿಲ್ಲ. 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆಯ ಪ್ರಕಾರ ಡಿವೈಡರ್ ಇರುವ ನಾಲ್ಕು ಪಥ ಮತ್ತು ಅದಕ್ಕಿಂತ ದೊಡ್ಡ ಹೆದ್ದಾರಿಯಲ್ಲಿ ಕಾರಿಗೆ 100, ಬಸ್ಸಿಗೆ 90, ಲಾರಿಗೂ ಬೈಕಿಗೂ 80, ಆಟೋಗೆ 50 ಗರಿಷ್ಠ ಮಿತಿ. ಸ್ಥಳೀಯವಾಗಿ ಇದಕ್ಕಿಂತ ಕಡಿಮೆ ಇಡಬಹುದು. ಹಾಗಾಗಿ ಹೆದ್ದಾರಿಯಲ್ಲಿ ತಪ್ಪೇ ಮಾಡದವನಿಗೆ 85ರಲ್ಲಿ ಕೂಗುವ ಯಂತ್ರ, ಶಾಲೆಯ ಮುಂದೆ 70ರಲ್ಲಿ ಹೋಗುವವನಿಗೆ ಸುಮ್ಮನಿರುತ್ತದೆ. ವಾರದೊಳಗೆ ಕಿವಿ ಅದನ್ನು ಕೇಳುವುದನ್ನೇ ಬಿಡುತ್ತದೆ.

ಏನೂ ಆಗಲಿಲ್ಲ ಎಂಬ ಪಾಠ

ತಪ್ಪು ಮಾಡಿದರೆ ಬುದ್ಧಿ ಬರುತ್ತದೆ ಎನ್ನುತ್ತೇವೆ. ರಸ್ತೆಯಲ್ಲಿ ಅದು ನಡೆಯುವುದಿಲ್ಲ. ಮಿತಿ ಮೀರಿದ ಸಾವಿರ ಪ್ರಯಾಣಗಳೂ ಕ್ಷೇಮವಾಗಿ ಮನೆ ಮುಟ್ಟಬಹುದು. ಪ್ರತಿ ಸಲ ಮನೆ ಮುಟ್ಟಿದಾಗಲೂ ಮನಸ್ಸು ಒಂದು ಪಾಠ ಕಲಿಯುತ್ತದೆ: ಬೋರ್ಡು ಹೇಳಿದ್ದು ಅತಿಯಾಯಿತು, ನನ್ನ ಕೈ ಚೆನ್ನಾಗಿದೆ. ಹೊಸ ಕಲಿಕೆಯವನಿಗಿಂತ ಹತ್ತಿಪ್ಪತ್ತು ವರ್ಷ ಓಡಿಸಿದವನಲ್ಲಿ ಈ ಪಾಠ ಆಳಕ್ಕೆ ಇಳಿದಿರುತ್ತದೆ. ಅದರಲ್ಲೂ ಊರ ಹತ್ತಿರದ, ದಿನಾ ಹೋಗುವ ರಸ್ತೆಯಲ್ಲಿ. ಅಲ್ಲಿ ಅವನು ರಸ್ತೆ ನೋಡಿ ಓಡಿಸುವುದಿಲ್ಲ, ನೆನಪಿನಿಂದ ಓಡಿಸುತ್ತಾನೆ. ನಿನ್ನೆ ಇಲ್ಲದ ಗುಂಡಿ ಇವತ್ತು ಇದ್ದರೆ ಅವನ ನೆನಪಿನಲ್ಲಿ ಅದು ಇಲ್ಲ.

ಸಮಯದ ಲೆಕ್ಕದಲ್ಲೂ ಮನಸ್ಸು ಎಡವುತ್ತದೆ. ಚಿತ್ರದುರ್ಗ–ದಾವಣಗೆರೆ ದೂರವನ್ನು 60 ಕಿ.ಮೀ. ಎಂದಿಟ್ಟುಕೊಳ್ಳಿ. 40ರ ಬದಲು 50ರಲ್ಲಿ ಹೋದರೆ 18 ನಿಮಿಷ ಉಳಿಯುತ್ತದೆ. 80ರ ಬದಲು 100ರಲ್ಲಿ ಹೋದರೆ 9 ನಿಮಿಷ. 100ರ ಬದಲು 120ರಲ್ಲಿ ಹೋದರೆ 6 ನಿಮಿಷ. ಅದೂ ದಾರಿಯಲ್ಲಿ ಎಲ್ಲೂ ಬ್ರೇಕ್ ಹಿಡಿಯದಿದ್ದರೆ. ಹೆಬ್ಬಾಳು ಟೋಲ್‌ನ ಸಾಲಿನಲ್ಲಿ, ಊರೊಳಗಿನ ಎರಡು ಸಿಗ್ನಲ್‌ಗಳಲ್ಲಿ ಆ ಆರು ನಿಮಿಷವೂ ಕರಗುತ್ತದೆ. ಹೆಚ್ಚು ವೇಗದಲ್ಲಿ ಇನ್ನಷ್ಟು ವೇಗ ಸೇರಿಸಿದರೆ ಸಿಗುವುದು ಕಡಿಮೆ, ತೆರುವುದು ಹೆಚ್ಚು.

ಎಷ್ಟು ಹೆಚ್ಚು? ಎರಡು ಕಾರು ಅಕ್ಕಪಕ್ಕ ಬರುತ್ತಿವೆ, ಒಂದು 60ರಲ್ಲಿ, ಇನ್ನೊಂದು 80ರಲ್ಲಿ. ಮುಂದೆ ಒಬ್ಬ ಹುಡುಗ ಸೈಕಲ್ ಇಳಿಸಿದ. ಇಬ್ಬರೂ ಒಂದೇ ಗಳಿಗೆಯಲ್ಲಿ ಕಂಡರು, ಇಬ್ಬರಿಗೂ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಹಿಡಿಯಿತು, ಇಬ್ಬರ ಟೈರೂ ಬ್ರೇಕೂ ಒಂದೇ, ಒಣ ರಸ್ತೆ. 60ರ ಕಾರು ಒಟ್ಟು 45 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ಜಾಗದಲ್ಲಿ 80ರ ಕಾರು ಇನ್ನೂ ಎಷ್ಟು ವೇಗದಲ್ಲಿರುತ್ತದೆ? ಹತ್ತೋ ಇಪ್ಪತ್ತೋ ಎಂದು ಹೇಳುವವರೇ ಹೆಚ್ಚು. ಉತ್ತರ 65. ಮೊದಲನೆಯವನು ನಿಂತು ಉಸಿರು ಬಿಡುವಲ್ಲಿ ಎರಡನೆಯವನು ಹುಡುಗನಿಗೆ 65ರಲ್ಲಿ ಗುದ್ದುತ್ತಾನೆ. 80ರವನು ಬ್ರೇಕ್ ಒತ್ತುವ ಮೊದಲೇ 33 ಮೀಟರ್ ಬಂದಿರುತ್ತಾನೆ, ಉಳಿದ ಹನ್ನೆರಡು ಮೀಟರಿನಲ್ಲಿ ಇಳಿಯುವುದು ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಕಾರಿನ ಮುಂಭಾಗ ಬಡಿದ ಪಾದಚಾರಿ ಸಾಯುವ ಸಂಭವ ಡಿಕ್ಕಿಯ ವೇಗ 50ರಿಂದ 65ಕ್ಕೆ ಏರಿದರೆ ನಾಲ್ಕೂವರೆ ಪಟ್ಟಾಗುತ್ತದೆ. ಒಂದು ರಸ್ತೆಯ ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ.

ಮಳೆ ಬಿದ್ದ ರಸ್ತೆ, ಸವೆದ ಟೈರು, ಲೋಡ್ ಲಾರಿ ಎಂದರೆ ಈ ಲೆಕ್ಕ ಇನ್ನೂ ಕಠಿಣ. ಅದಕ್ಕೇ ರಸ್ತೆ ಕಾಂಗ್ರೆಸ್ 80ರ ವೇಗಕ್ಕೆ 120 ಮೀಟರ್, 100ರ ವೇಗಕ್ಕೆ 180 ಮೀಟರ್ ಮುಂದೆ ಕಾಣಬೇಕು ಎನ್ನುತ್ತದೆ. ಈಗ ರಾತ್ರಿಗೆ ಬನ್ನಿ. ಡಿಮ್ ಲೈಟಿನಲ್ಲಿ ರೇಡಿಯಂ ಇಲ್ಲದ ಒಂದು ಕಪ್ಪು ಟ್ರೈಲರ್ ಕಾಣುವುದು 40–60 ಮೀಟರಿಗೆ. 80ರಲ್ಲಿ ಹೋಗುವವನು ತನ್ನ ದೀಪ ತೋರಿಸುವುದಕ್ಕಿಂತ ಮುಂದೆ ಓಡುತ್ತಿದ್ದಾನೆ, ಕಂಡ ಮೇಲೆ ನಿಲ್ಲಿಸಲು ಅವನಿಗೆ ಜಾಗವೇ ಇಲ್ಲ.

ನಮ್ಮ ಸೀಮೆಯ ಅಪಾಯಗಳು

ಫಲಕಗಳ ಪಟ್ಟಿಯಲ್ಲಿ ಇಲ್ಲದ, ಇಲ್ಲಿನ ರಸ್ತೆಗಳಲ್ಲಿ ದಿನಾ ಇರುವ ಅಪಾಯಗಳನ್ನು ಬಿಟ್ಟು ಈ ಮಾತು ಮುಂದೆ ಹೋಗದು.

ಕಬ್ಬು, ಭತ್ತ, ಮೆಕ್ಕೆಜೋಳ ಹೊತ್ತ ಟ್ರ್ಯಾಕ್ಟರ್ 20ರಲ್ಲಿ ಹೋಗುತ್ತದೆ, ಹಿಂದಿನ ಕಾರು 100ರಲ್ಲಿ. ಎರಡರ ನಡುವಿನ ಅಂತರ ಸೆಕೆಂಡಿಗೆ 22 ಮೀಟರ್ ಕರಗುತ್ತದೆ. ನೂರು ಮೀಟರ್ ಎಂದರೆ ನಾಲ್ಕೂವರೆ ಸೆಕೆಂಡು. ಮುಂದಿನ ವಾಹನ ನಿಂತಿದೆಯೋ ನಿಧಾನ ಹೋಗುತ್ತಿದೆಯೋ ಎಂದು ಕಣ್ಣಿಗೆ ತಿಳಿಯುವುದು ಅದರ ಆಕಾರ ದೊಡ್ಡದಾಗತೊಡಗಿದಾಗ, ಅದು ಕೊನೆಯ ಕೆಲವೇ ಸೆಕೆಂಡುಗಳಲ್ಲಿ. ಟ್ರೈಲರಿನ ಹಿಂದಿನ ದೀಪ ಒಡೆದಿದ್ದರೆ, ಒಂದೇ ದೀಪ ಉಳಿದು ಬೈಕಿನಂತೆ ಕಂಡರೆ, ಆ ಸೆಕೆಂಡುಗಳೂ ಇಲ್ಲ. ಹಿಂಬದಿಯ ಪೂರ್ತಿ ಅಗಲಕ್ಕೆ ಕೆಂಪು ರೇಡಿಯಂ ಪಟ್ಟಿ, ಎರಡು ಅಂಚಿಗೆ ಒಂದೊಂದು ಕೆಂಪು ರಿಫ್ಲೆಕ್ಟರ್ ಇರಬೇಕು. ಕಬ್ಬಿನ ಸೋಗೆ ಅದನ್ನು ಮುಚ್ಚುವಂತಿದ್ದರೆ ಹೇರಿನ ಹೊರಗೆ ಹಗ್ಗದಲ್ಲಿ ಕಟ್ಟಬೇಕು. ಖರ್ಚು ಒಂದು ಹೊತ್ತಿನ ಡೀಸೆಲ್ಲಿಗಿಂತ ಕಡಿಮೆ.

ಕೆಟ್ಟು ನಿಂತ ಲಾರಿ. ಕ್ಲೀನರ್ ಇಳಿದು ಸೊಪ್ಪಿನ ಕೊಂಬೆ ಮುರಿದು ಹಿಂದೆ ಹಾಕುತ್ತಾನೆ, ನಾಲ್ಕು ಕಲ್ಲು ಇಡುತ್ತಾನೆ, ಲಾರಿಯಿಂದ ಹತ್ತಡಿ ದೂರದಲ್ಲಿ. ಕೊಂಬೆ ಹಗಲಿಗೆ ಸರಿ, ರಾತ್ರಿ ಅದಕ್ಕೆ ಬೆಳಕಿಲ್ಲ. ತ್ರಿಕೋನದ ರಿಫ್ಲೆಕ್ಟರ್ ಫಲಕವನ್ನು ಹಿಂದಕ್ಕೆ ನೂರು ಹೆಜ್ಜೆ ನಡೆದು ಇಡಬೇಕು, ದಿಬ್ಬದ ಅಥವಾ ತಿರುವಿನ ಆಚೆ ಲಾರಿ ನಿಂತಿದ್ದರೆ ಆ ದಿಬ್ಬದ, ತಿರುವಿನ ಈಚೆಗೆ ಇಡಬೇಕು. ಲಾರಿ ಸರಿಯಾಗಿ ಹೊರಡುವಾಗ ಕಲ್ಲುಗಳನ್ನು ತೆಗೆಯದೆ ಹೋಗುವುದು ಇನ್ನೊಬ್ಬ ಬೈಕ್ ಸವಾರನನ್ನು ಕೊಂದಂತೆ. ಈ ಮಾತನ್ನು ಚಾಲಕ ಮಿತ್ರರು ದಯವಿಟ್ಟು ಕ್ಲೀನರ್ ಹುಡುಗರಿಗೆ ಹೇಳಿಕೊಡಿ.

ರಾಂಗ್ ಸೈಡಿನಲ್ಲಿ ಬರುವ ಬೈಕು. ಹೊಲ ಆಚೆ, ಮನೆ ಈಚೆ, ಅಂಡರ್‌ಪಾಸ್ ಎರಡು ಕಿಲೋಮೀಟರ್ ದೂರ. ನಾಲ್ಕು ಕಿಲೋಮೀಟರ್ ಸುತ್ತುವ ಬದಲು ಅರ್ಧ ಕಿಲೋಮೀಟರ್ ಎದುರು ಬರುತ್ತಾನೆ. ಇದನ್ನು ಬೋರ್ಡು ತಡೆಯುವುದಿಲ್ಲ. ಸರ್ವಿಸ್ ರಸ್ತೆ ತುಂಡು ತುಂಡಾಗಿ ನಿಲ್ಲದೆ ಅಂಡರ್‌ಪಾಸಿನ ತನಕ ಮುಟ್ಟಿದರೆ ಮಾತ್ರ ನಿಲ್ಲುತ್ತದೆ.

ಖಾಸಗಿ ಬಸ್ಸುಗಳ ಟೈಮಿಂಗ್ ಜಗಳ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಿಗೆ ಹೊಸದಲ್ಲ. ಮುಂದಿನ ಬಸ್ಸಿಗೂ ಹಿಂದಿನ ಬಸ್ಸಿಗೂ ಐದು ನಿಮಿಷ ಅಂತರವಿದ್ದು, ಕಲೆಕ್ಷನ್ ಮೇಲೆ ಕೂಲಿ ನಿಂತಿದ್ದರೆ, ಚಾಲಕನ ಕಾಲನ್ನು ನಡೆಸುವುದು ಬೋರ್ಡಲ್ಲ, ಆ ಐದು ನಿಮಿಷ. ಚಾಲಕನಿಗೆ ತರಬೇತಿ ಕೊಟ್ಟು ವೇಳಾಪಟ್ಟಿಯನ್ನು ಹಾಗೇ ಬಿಟ್ಟರೆ ಏನೂ ಬದಲಾಗುವುದಿಲ್ಲ.

ಲಾರಿಯವರಿಗೆ ಒಂದು ಮಾತು. ವೇಗ ಮಿತಿ ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಸರಕು ಲಾರಿಗೆ 80, ಟ್ಯಾಂಕರ್, ಟಿಪ್ಪರ್, ಶಾಲಾ ಬಸ್ಸಿಗೆ 60 ಎಂದು ನಿಯಮ. ಅದರ ವೈರ್ ಕಿತ್ತು ಓಡಿಸುವುದು ಒಂದು ತಪ್ಪು. ಗವರ್ನರ್ ಇಟ್ಟುಕೊಂಡೇ 75ರಲ್ಲಿ ಹೋಗುವ ಲಾರಿಯನ್ನು 80ರಲ್ಲಿ ಓವರ್‌ಟೇಕ್ ಮಾಡಹೋಗುವುದು ಇನ್ನೊಂದು. ಪೂರ್ತಿ ದಾಟಿ ಮತ್ತೆ ಎಡಕ್ಕೆ ಬರಲು ಸುಮಾರು 50 ಸೆಕೆಂಡು, ಒಂದು ಕಿಲೋಮೀಟರಿಗೂ ಹೆಚ್ಚು ದೂರ ಬೇಕು. ಅಷ್ಟು ಹೊತ್ತು ಬಲ ಪಥ ಮುಚ್ಚಿ, ಹಿಂದಿನ ಕಾರುಗಳು ತಾಳ್ಮೆ ಕಳೆದುಕೊಂಡು ಎಡದ ಮಣ್ಣಿಗೆ ಇಳಿದು ನುಗ್ಗುತ್ತವೆ. ಅಲ್ಲಿ ನಿಂತಿರುವುದು ಬಸ್ಸಿಗೆ ಕಾಯುವವರು.

ಹಂಪು

ಅಪಘಾತವಾದ ಮರುದಿನ ಊರವರು ಕೇಳುವುದು ಹಂಪು. ನೋವಿನಲ್ಲಿ ಕೇಳುತ್ತಾರೆ, ಅದನ್ನು ಹಗುರವಾಗಿ ನೋಡಬಾರದು. ಆದರೆ ರಾತ್ರೋರಾತ್ರಿ ಜಲ್ಲಿ, ಡಾಂಬರು ಸುರಿದು ಮಾಡಿದ ಹಂಪು ಕೆಲಸ ಮಾಡುವುದಿಲ್ಲ, ಏಕೆಂದರೆ ಅದು ಹಂಪೇ ಅಲ್ಲ. ಸಂಹಿತೆಯ ಹಂಪು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. 25ರಲ್ಲಿ ದಾಟಿದರೆ ತೊಟ್ಟಿಲ ಹಾಗೆ ಎತ್ತಿ ಇಳಿಸುತ್ತದೆ, 50ರಲ್ಲಿ ದಾಟಿದರೆ ಬೆನ್ನಿಗೆ ತಿಳಿಯುತ್ತದೆ. ವೇಗ ಏರಿದಷ್ಟೂ ನೋವು ಏರಬೇಕು, ಅದೇ ಅದರ ಗುಣ. ಅರ್ಧ ಮೀಟರ್ ಅಗಲ, ಒಂದು ಗೇಣು ಎತ್ತರದ ದಿಣ್ಣೆಯಲ್ಲಿ ಇದು ತಿರುಗಾಮುರುಗಾ. ನಿಧಾನ ಹೋದ ಬಸ್ಸಿನ ಹಿಂದಿನ ಸೀಟಿನ ಬಸುರಿಗೆ, ಆಂಬುಲೆನ್ಸಿನ ರೋಗಿಗೆ ಪೆಟ್ಟು. ಜೋರಾಗಿ ಬಂದ ಎಸ್‌ಯುವಿಯಲ್ಲಿ ಆ ಹೊಡೆತವನ್ನು ಟೈರು, ಸ್ಪ್ರಿಂಗುಗಳೇ ನುಂಗಿಬಿಡುತ್ತವೆ. ರಸ್ತೆಗೆ ಅಡ್ಡ ಬಳಿಯುವ ತೆಳು ಗಡಗಡ ಪಟ್ಟಿಗಳಲ್ಲೂ ಇದೇ ದೋಷ: ಜೋರಾಗಿ ಹೋದರೆ ನಡುಕ ಕಡಿಮೆ ಎಂಬುದನ್ನು ಚಾಲಕರು ಎರಡೇ ದಿನದಲ್ಲಿ ಕಂಡುಕೊಳ್ಳುತ್ತಾರೆ. ಪಟ್ಟಿ ಡಾಂಬರಿನ ಅಂಚಿನವರೆಗೆ ಇರದಿದ್ದರೆ ಬೈಕಿನವರು ಪಾದಚಾರಿಗಳು ನಡೆಯುವ ಮಣ್ಣಿನಂಚಿಗೆ ಇಳಿದು ತಪ್ಪಿಸಿಕೊಳ್ಳುತ್ತಾರೆ.

ಇನ್ನು ಬಣ್ಣ. ಹೊಸತರಲ್ಲಿ ಬಿಳಿ ಪಟ್ಟಿ ಬಳಿದಿರುತ್ತಾರೆ, ಒಂದು ಮಳೆಗಾಲಕ್ಕೆ ಅಳಿಸಿಹೋಗುತ್ತದೆ. ಬಣ್ಣವಿಲ್ಲದ ಹಂಪು ರಾತ್ರಿ ಗಂಡಾಂತರ, ಅದರಲ್ಲೂ ಬೈಕಿನ ಹಿಂದೆ ಮಗು ಹಿಡಿದು ಕೂತ ತಾಯಿಗೆ. ಹಂಪು ಬೇಕೆಂದು ಠರಾವು ಮಾಡುವ ಪಂಚಾಯಿತಿ ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಬಣ್ಣ ಬಳಿಸುವ ಠರಾವನ್ನೂ ಜೊತೆಗೇ ಮಾಡಲಿ.

ಹಂಪಿಗಿಂತ ಮೇಲು ದಾರಿ ಊರ ಬಾಗಿಲನ್ನು ಕಣ್ಣಿಗೆ ಕಾಣಿಸುವುದು. ಊರು ಶುರುವಾಗುವಲ್ಲಿ ರಸ್ತೆ ಕಿರಿದಾಗಿ ಕಾಣಬೇಕು: ಎರಡೂ ಬದಿ ಒಂದೇ ಎತ್ತರದ ಕಂಬ ಅಥವಾ ಗಿಡದ ಸಾಲು, ಪಥದ ಅಗಲವನ್ನು ಬಿಳಿ ಗೆರೆಯಿಂದ 3 ಮೀಟರಿಗೆ ಇಳಿಸುವುದು, ಅಡ್ಡ ಪಟ್ಟಿಗಳ ನಡುವಿನ ಅಂತರ ಊರು ಹತ್ತಿರವಾದಂತೆ ಕಡಿಮೆಯಾಗುತ್ತ ಹೋಗುವುದು, ಬೀದಿದೀಪ. ಆಗ ರಸ್ತೆಯೂ ಬೋರ್ಡೂ ಒಂದೇ ಮಾತು ಹೇಳುತ್ತವೆ. ನೆದರ್ಲ್ಯಾಂಡ್ಸ್‌ನವರು ಇದನ್ನು ‘ತಾನೇ ವಿವರಿಸಿಕೊಳ್ಳುವ ರಸ್ತೆ’ ಎಂದು ಕರೆದು ದೇಶದ ತುಂಬ ಮಾಡಿದರು.

ದಂಡ

ಮೋಟಾರು ವಾಹನ ಕಾಯ್ದೆಯ 183ನೇ ಕಲಂ, 2019ರ ತಿದ್ದುಪಡಿಯ ನಂತರ, ವೇಗಮಿತಿ ಮೀರಿದ ಕಾರಿಗೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿ ದಂಡ ಹೇಳುತ್ತದೆ. ಮೊತ್ತವನ್ನು ಇನ್ನೂ ಏರಿಸಬೇಕು ಎನ್ನುವವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ವರ್ಷಕ್ಕೊಮ್ಮೆ ಬೀಳಬಹುದಾದ ಐದು ಸಾವಿರಕ್ಕೆ ಯಾರೂ ಹೆದರುವುದಿಲ್ಲ, ತಪ್ಪದೆ ಬೀಳುವ ಐನೂರಕ್ಕೆ ಎಲ್ಲರೂ ಹೆದರುತ್ತಾರೆ. ದಂಡದ ಭಾರಕ್ಕಿಂತ ಖಚಿತತೆ ಮುಖ್ಯ.

ಒಂದೇ ಜಾಗದ ಕ್ಯಾಮೆರಾಕ್ಕೆ ಚಾಲಕರು ಮೂರೇ ದಿನದಲ್ಲಿ ಒಗ್ಗುತ್ತಾರೆ: ಇನ್ನೂರು ಮೀಟರ್ ಮುಂಚೆ ಬ್ರೇಕ್, ದಾಟಿದ ಕೂಡಲೇ ಆಕ್ಸಿಲರೇಟರ್. ಕೆಲವೊಮ್ಮೆ ಆ ದಿಢೀರ್ ಬ್ರೇಕ್‌ನಿಂದಲೇ ಹಿಂದಿನವನು ಗುದ್ದುತ್ತಾನೆ. ಸರಾಸರಿ ವೇಗ ಅಳೆಯುವುದು ಇದಕ್ಕಿಂತ ಉತ್ತಮ. 10 ಕಿಲೋಮೀಟರ್ ಅಂತರದಲ್ಲಿ ಎರಡು ಕ್ಯಾಮೆರಾ, ನಡುವೆ ನಿಲುಗಡೆಯಿಲ್ಲ. 80ರ ಮಿತಿಯ ಲಾರಿ ಏಳೂವರೆ ನಿಮಿಷಕ್ಕಿಂತ ಮುಂಚೆ ಎರಡನೆಯದನ್ನು ದಾಟಿದರೆ ಮಿತಿ ಮೀರಿದ ಹಾಗೆ. ಬ್ರೇಕ್ ಹಿಡಿದು ಮೋಸ ಮಾಡಲು ಇಲ್ಲಿ ಜಾಗವಿಲ್ಲ. ಕ್ಯಾಮೆರಾ ಇರುವುದನ್ನು ಮೊದಲೇ ಫಲಕ ಹಾಕಿ ತಿಳಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 167ಎ ಹೇಳುತ್ತದೆ. ಬಚ್ಚಿಟ್ಟು ಹಿಡಿಯುವುದಕ್ಕಿಂತ ಹೇಳಿ ನಿಧಾನ ಮಾಡಿಸುವುದು ಒಳ್ಳೆಯದೇ.

ಕಾಯ್ದೆ ಚಾಲಕನನ್ನು ಮಾತ್ರ ನೋಡುವುದಿಲ್ಲ ಎಂಬುದು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೆನಪಿರಲಿ. 198ಎ ಕಲಂ ಪ್ರಕಾರ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವಿಕಲತೆ ಉಂಟಾದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಒಂದು ಕಾಮಗಾರಿಯ ಮುಂದೆ ವಾಹನಗಳನ್ನು 100ರಿಂದ 40ಕ್ಕೆ ಇಳಿಸಬೇಕೆಂದರೆ, 2.5 ಸೆಕೆಂಡಿನ ಗ್ರಹಿಕೆಗೆ 70 ಮೀಟರ್, ಹಿತವಾದ ಬ್ರೇಕಿಂಗಿಗೆ 160 ಮೀಟರ್ ಬೇಕು. 80ರಿಂದ ಇಳಿಯುವ ಲೋಡ್ ಲಾರಿಗೂ ಹತ್ತಿರ ಹತ್ತಿರ ಅಷ್ಟೇ. ಹಾಗಾಗಿ ಕೋನುಗಳ ಸಾಲು ಶುರುವಾಗುವ ಜಾಗಕ್ಕೆ ಕನಿಷ್ಠ 250 ಮೀಟರ್ ಮುಂಚೆ ಮೊದಲ ಫಲಕ ಇರಲೇಬೇಕು, ವಾಹನಗಳ ಸಾಲು ನಿಲ್ಲುವ ಜಾಗವಾದರೆ ಸಾಲಿನ ಬಾಲದಿಂದ 250. ಅದರ ನಂತರ ಎರಡನೇ ಫಲಕ, ಆಮೇಲೆ ಓರೆಯಾಗಿ ಜೋಡಿಸಿದ ಕೋನುಗಳು, ಆಮೇಲೆ ಬ್ಯಾರಿಕೇಡ್. ಮಣ್ಣು ತುಂಬಿದ ಡ್ರಮ್ಮು, ಸುಣ್ಣ ಬಳಿದ ಬಂಡೆ ಬ್ಯಾರಿಕೇಡ್ ಅಲ್ಲ. ಗುದ್ದಿದವನನ್ನು ಕೊಲ್ಲುವ ವಸ್ತುವನ್ನು ಎಚ್ಚರಿಕೆಗೆ ಇಡಬಾರದು. ಸಂಜೆ ಕೆಲಸ ಬಿಟ್ಟು ಹೋಗುವಾಗ ಬ್ಲಿಂಕರಿನ ಬ್ಯಾಟರಿ ನೋಡಿ, ಕೆಲಸ ಮುಗಿದ ದಿನವೇ ‘30’ರ ತಗಡು ಕಿತ್ತು ಲಾರಿಗೆ ಹಾಕಿ. ಕೊನೆಯ ಬಿಲ್ಲಿಗೆ ಫಲಕ ತೆಗೆದ ಫೋಟೋ ಲಗತ್ತಿಸಬೇಕೆಂಬ ಒಂದೇ ಷರತ್ತು ಟೆಂಡರಿನಲ್ಲಿ ಸೇರಿದರೂ ಸುಳ್ಳು ಬೋರ್ಡುಗಳು ಬಹುಪಾಲು ಕಾಣೆಯಾಗುತ್ತವೆ.

ಸಭೆಯ ಒಂದು ಪ್ರಶ್ನೆ

ಉಪನ್ಯಾಸದ ನಂತರ ಹಲವು ಪ್ರಶ್ನೆಗಳು ಬಂದವು. ಸುಗ್ಗಿಯಲ್ಲಿ ಬೆಳೆಯನ್ನು ರಸ್ತೆಗೆ ಹರಡಿ, ವಾಹನಗಳ ಚಕ್ರದಡಿ ಒಕ್ಕುವ ರೂಢಿಯ ಬಗ್ಗೆ ಜಗಳೂರು ಕಡೆಯ ಒಬ್ಬ ರೈತರು ಕೇಳಿದ್ದು ಇದು: ‘ರಸ್ತೆ ಮೇಲೆ ರಾಗಿ, ಹುರುಳಿ ಒಕ್ಕಬೇಡಿ ಅಂತೀರಿ. ನಮಗೆ ಕಣ ಎಲ್ಲಿದೆ, ಹೇಳಿ.’

ಪ್ರಶ್ನೆ ನ್ಯಾಯವಾದದ್ದು. ಮನೆಗಳು ಬೆಳೆದು ಊರ ಕಣಗಳು ಹೋದವು, ರಸ್ತೆ ಒಂದೇ ಗಟ್ಟಿ ನೆಲವಾಗಿ ಉಳಿಯಿತು. ಆದರೂ ಹೇಳಲೇಬೇಕು. ಹುರುಳಿ ಬಳ್ಳಿಯ ಮೇಲೆ ಬೈಕಿನ ಬ್ರೇಕ್ ಹಿಡಿಯುವುದಿಲ್ಲ. ಕಾರಿನ ತಳದಲ್ಲಿ ಹುಲ್ಲು ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ಅರ್ಧ ರಸ್ತೆ ಮುಚ್ಚಿದರೆ ಎರಡೂ ಕಡೆಯ ವಾಹನ ಉಳಿದ ಅರ್ಧಕ್ಕೆ ಬರುತ್ತವೆ. ಪಂಚಾಯಿತಿಯಲ್ಲಿ ಕೇಳಬೇಕಾದದ್ದು ಸಿಮೆಂಟ್ ಕಣ, ಸುಗ್ಗಿಗೆ ಆರು ತಿಂಗಳು ಮುಂಚಿನ ಗ್ರಾಮಸಭೆಯಲ್ಲಿ, ಸರ್ವೆ ನಂಬರ್ ಸಮೇತ ಅರ್ಜಿ ಕೊಟ್ಟು. ಅದು ಆಗುವವರೆಗೆ ಶಾಲೆಯ ಅಥವಾ ದೇವಸ್ಥಾನದ ಅಂಗಳವನ್ನು ಪಾಳಿ ಮೇಲೆ ಹಂಚಿಕೊಳ್ಳಬಹುದು. ಯಂತ್ರದಲ್ಲಿ ಒಕ್ಕಿಸಿದ ಮೆಕ್ಕೆಜೋಳವನ್ನು ಹೊಲದಲ್ಲೇ ಟಾರ್ಪಾಲಿನ ಮೇಲೆ ಒಣಗಿಸಬಹುದು. ಈಗಾಗಲೇ ರಸ್ತೆಗೆ ಹಾಕಿಬಿಟ್ಟಿರುವ ರಾಶಿಯನ್ನು ಸಂಜೆಯೊಳಗೆ ಎತ್ತಿಬಿಡಿ. ಒಂದು ರಾತ್ರಿ ಅಲ್ಲೇ ಉಳಿಯುವುದು ಅನಿವಾರ್ಯವಾದರೆ ಸುತ್ತ ಕಲ್ಲಿಡಬೇಡಿ, ಮರಳು ತುಂಬಿದ ಚೀಲ ಇಡಿ. ಕಪ್ಪು ಟಾರ್ಪಾಲಿನ ಬದಲು ಬಿಳಿಯದನ್ನು ಹೊದಿಸಿ. ಎರಡೂ ತುದಿಯಿಂದ ನೂರು ಹೆಜ್ಜೆ ಆಚೆ ಕೆಂಪು ರೇಡಿಯಂ ಅಂಟಿಸಿದ ಒಂದೊಂದು ಡಬ್ಬ ನಿಲ್ಲಿಸಿ. ಬೆಳಗ್ಗೆ ರಾಶಿ ಎತ್ತಿದ ಮೇಲೆ ಆ ಚೀಲ, ಡಬ್ಬಗಳನ್ನೂ ಮನೆಗೆ ತನ್ನಿ, ಉಳಿದ ಕಾಳನ್ನು ಗುಡಿಸಿಬಿಡಿ. ಟೈರಿನ ಕೆಳಗೆ ಉರುಳುವ ಒಂದು ಹಿಡಿ ಹುರುಳಿ ಸಾಕು, ತಿರುವಿನಲ್ಲಿ ಬೈಕ್ ಜಾರಲು.